ರಜೆ ಸಿಗದ ಗುಮಾಸ್ತನ ಮನೆಯಲ್ಲಿ ಒಂದು ಭಾನುವಾರ

ಪನ್ವೇಲ್‌ನಿಂದ ಗೋವಾ ರಸ್ತೆ ಹಿಡಿದವರಿಗೆಲ್ಲ ಪಳಸ್ಪೆ ಫಾಟಾ ಗೊತ್ತಿರುತ್ತದೆ. ಗಣಪತಿ ಹಬ್ಬಕ್ಕೋ ಬೇಸಿಗೆ ರಜೆಗೋ ಕಾರವಾರ, ಕುಮಟಾ, ಉಡುಪಿ ಕಡೆ ಕಾರಿನಲ್ಲಿ ಹೊರಟ ಮುಂಬೈ ಕನ್ನಡಿಗರು ಮೊದಲ ಬಾರಿ ಟ್ರಾಫಿಕ್ಕಿಗೆ ಶಾಪ ಹಾಕುವುದು ಸಾಮಾನ್ಯವಾಗಿ ಇಲ್ಲೇ. ಖಾರಘರ್‌ಗೆ ಬಂದು ಒಂಬತ್ತು ವರ್ಷಗಳಲ್ಲಿ ನಾನೂ ಇಲ್ಲಿ ಎಷ್ಟು ಸಲ ವಡಾ ಪಾವ್ ತಿಂದು ಮುಂದೆ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಶಿರಢೋಣ ಎಂಬ ಊರಿದೆ. ಅಲ್ಲಿಗೆ ಒಮ್ಮೆಯೂ ತಿರುಗಿರಲಿಲ್ಲ.

ತಿರುಗುವಂತೆ ಮಾಡಿದ್ದು ಮಗಳ ಹೋಮ್‌ವರ್ಕ್. ಮೂರನೇ ಕ್ಲಾಸು. 'ನಮ್ಮ ತಾಲ್ಲೂಕಿನ ಒಂದು ಹಳೆಯ ಜಾಗಕ್ಕೆ ಹೋಗಿ ಬಂದು ಒಂದು ಪುಟ ಬರೆಯಿರಿ, ಫೋಟೊ ಅಂಟಿಸಿರಿ' ಎಂದು ಶಾಲೆಯಲ್ಲಿ ಹೇಳಿದ್ದರು. ನನಗೆ ನೆನಪಾದದ್ದು ಕರ್ನಾಳಾ ಕೋಟೆ. ಆದರೆ ಜುಲೈ ಮಳೆಯಲ್ಲಿ ಜಾರುವ ಕಲ್ಲುಗಳ ಮೇಲೆ ಎಂಟು ವರ್ಷದ ಹುಡುಗಿಯನ್ನು ಹತ್ತಿಸುವ ಧೈರ್ಯ ಹೆಂಡತಿಗೆ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಪಕ್ಕದ ಮನೆಯ ಮಾವಶಿ ಸಲಹೆ ಕೊಟ್ಟರು: "ಕೋಟೆ ಯಾಕೆ? ಶಿರಢೋಣಕ್ಕೆ ಹೋಗಿ. ವಾಸುದೇವ ಬಳವಂತ ಫಡಕೆ ಅವರ ಮನೆ ಇದೆ."

ಫಡಕೆ ಎಂಬ ಹೆಸರು ಕಿವಿಗೆ ಹೊಸದಲ್ಲ. ಪನ್ವೇಲ್‌ನ ನಾಟ್ಯಗೃಹಕ್ಕೆ ಅವರದೇ ಹೆಸರು. ದಕ್ಷಿಣ ಮುಂಬೈಯಲ್ಲಿ ಮೆಟ್ರೊ ಸಿನಿಮಾ ಎದುರಿನ ಚೌಕಕ್ಕೂ ಅವರದೇ ಹೆಸರು. ಆದರೆ ಚೌಕಗಳಿಗೆ ಇಟ್ಟ ಹೆಸರುಗಳನ್ನು ನಾವು ವಿಳಾಸವಾಗಿ ಓದುತ್ತೇವೆ, ಮನುಷ್ಯರಾಗಿ ಓದುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಹುಡುಗರಿಗೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ಹೆಸರು ಬಾಯಿಗೆ ಬರುತ್ತದೆ, ಕೆಂಪೇಗೌಡರ ಬಗ್ಗೆ ಎರಡು ವಾಕ್ಯ ಹೇಳಿ ಎಂದರೆ ತಡವರಿಸುತ್ತಾರೆ, ಹಾಗೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮೋಡ ಕರ್ನಾಳಾದ ಆ ಹೆಬ್ಬೆರಳಿನಂಥ ಬಂಡೆಯನ್ನು ಒಮ್ಮೆ ಮುಚ್ಚುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಮನೆ ಊರೊಳಗೆ ಇದೆ. ಇಳಿಜಾರಿನ ಹೆಂಚಿನ ಮಾಡು, ಕಟ್ಟಿಗೆಯ ಕಂಬಗಳು, ಕಲ್ಲಿನ ಕಟ್ಟೆ. ಕೊಂಕಣದ ಮನೆಗಳು ಮಳೆಗೆ ತಲೆ ಬಾಗಿಸಿ ಕೂತಂತೆ ಇರುತ್ತವಲ್ಲ, ಇದೂ ಹಾಗೆಯೇ. ನಮ್ಮದು ವಿಜಯಪುರ ಜಿಲ್ಲೆಯ ಆಲಮೇಲದ ಹತ್ತಿರದ ಹಳ್ಳಿ. ಅಲ್ಲಿ ಮಣ್ಣಿನ ಮಾಳಿಗೆಯ ಮನೆಗಳು, ಆಕಾಶಕ್ಕೆ ಅಂಗೈ ಚಾಚಿದಂತೆ ಚಪ್ಪಟೆ. ಮಳೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆಗಳು ಅವು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗಿನ ಮಳೆಗೆ ನಮ್ಮ ಹಳೆಯ ಮನೆಯ ಹಿಂದಿನ ಅಂಕಣ ಕುಸಿಯಿತು. ಮುಂದಿನದು ಈಗಲೂ ನಿಂತಿದೆ, ಬೀಗ ಹಾಕಿಕೊಂಡು.

ಫಡಕೆಯವರ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ನನ್ನ ಕಣ್ಣಿಗೆ ಅಲ್ಲಿ ವಸ್ತುಗಳಿಗಿಂತ ಹೆಚ್ಚಾಗಿ ಕಂಡದ್ದು ಖಾಲಿ ಜಾಗ, ಮರದ ವಾಸನೆ, ತೊಲೆಗಳ ನಡುವಿನ ಕತ್ತಲೆ. ಮಗಳಿಗೆ ನಿರಾಸೆಯಾಯಿತು. "ಕತ್ತಿ ಎಲ್ಲಿ?" ಎಂದು ಕೇಳಿದಳು.

ಛತ್ರಿ ಮಡಚಿ ಕಟ್ಟೆಯ ಮೇಲೆ ಕೂತಿದ್ದ ಊರಿನ ಹಿರಿಯರೊಬ್ಬರು ನಕ್ಕರು. ನಿವೃತ್ತ ಮೇಷ್ಟರಂತೆ ಕಂಡರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಕತ್ತಿ ಆಮೇಲೆ ಬಂತು ಮಗಾ, ಮೊದಲು ಇದ್ದದ್ದು ಲೇಖನಿ" ಎಂದು ಮರಾಠಿಯಲ್ಲಿ ಹೇಳಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮುಂದಿನ ಒಂದು ಗಂಟೆ ನಾವು ಮೂವರೂ ಅವರ ವಿದ್ಯಾರ್ಥಿಗಳು.

ವಾಸುದೇವ ಹುಟ್ಟಿದ್ದು 1845ರ ನವೆಂಬರ್ 4ರಂದು, ಇದೇ ಶಿರಢೋಣದಲ್ಲಿ. ಅಜ್ಜ ಅನಂತರಾವ್ ಕರ್ನಾಳಾ ಕೋಟೆಯ ಕಿಲ್ಲೇದಾರರಾಗಿದ್ದವರು. 1818ರಲ್ಲಿ ಪೇಶ್ವೆಗಳ ರಾಜ್ಯ ಮುಳುಗಿದಾಗ ಕೋಟೆಯೂ ಇಂಗ್ಲಿಷರ ಕೈಸೇರಿತು. ಅಂದರೆ ಹುಡುಗ ಅಂಗಳದಲ್ಲಿ ಆಡುತ್ತ ತಲೆ ಎತ್ತಿದರೆ ಕಾಣುತ್ತಿದ್ದದ್ದು ಕಳೆದುಕೊಂಡ ಕೋಟೆ. ಆದರೂ ದೊಡ್ಡವನಾದ ಮೇಲೆ ಮಾಡಿದ್ದು ನಮ್ಮ ನಿಮ್ಮಂತೆಯೇ: ಊರು ಬಿಟ್ಟು ನೌಕರಿಗೆ ಹೋದದ್ದು. ಮೊದಲು ಮುಂಬೈಯಲ್ಲಿ ಸಣ್ಣಪುಟ್ಟ ಕೆಲಸ, ಆಮೇಲೆ ಪುಣೆಯಲ್ಲಿ ಮಿಲಿಟರಿ ಲೆಕ್ಕಪತ್ರ ಕಚೇರಿಯ ಗುಮಾಸ್ತಿಕೆ. ಸಂಬಳ, ಬಡ್ತಿ, ಬಾಡಿಗೆ ಮನೆ. ಬಂಡಾಯಗಾರ ಎಂದರೆ ಹುಟ್ಟುತ್ತಲೇ ಮುಷ್ಟಿ ಬಿಗಿದವನು ಎಂದುಕೊಂಡಿದ್ದ ನನಗೆ ಈ ಗುಮಾಸ್ತ ತುಂಬ ಪರಿಚಿತನಾಗಿ ಕಂಡ.

ಊರಿನಲ್ಲಿ ತಾಯಿಗೆ ಕಾಯಿಲೆ ಹೆಚ್ಚಾಗಿದೆ ಎಂದು ಸುದ್ದಿ ಬಂತು. ವಾಸುದೇವ ರಜೆ ಕೇಳಿದ. ಸಾಹೇಬ ಕೊಡಲಿಲ್ಲ, ಇವತ್ತು ನಾಳೆ ಎಂದು ಸತಾಯಿಸಿದ. ಕೊನೆಗೆ ಶಿರಢೋಣಕ್ಕೆ ಓಡಿಬಂದಾಗ ತಾಯಿ ತೀರಿಹೋಗಿದ್ದಳು. ಮರುವರ್ಷ ತಾಯಿಯ ಶ್ರಾದ್ಧಕ್ಕೆ ಹೋಗಬೇಕು ಎಂದು ಮತ್ತೆ ರಜೆ ಕೇಳಿದ. ಮತ್ತೆ ಇಲ್ಲ ಎಂದರು.

"ಈ ಹೊಸ್ತಿಲು" ಎಂದು ಹಿರಿಯರು ಬಾಗಿಲ ಕಡೆ ತೋರಿಸಿದರು. "ಇದನ್ನು ಆತ ಆ ದಿನ ತಡವಾಗಿ ದಾಟಿದ."

ನಾನು ಎದ್ದು ಮಳೆ ನೋಡುವ ನೆಪದಲ್ಲಿ ಅಂಗಳದ ಅಂಚಿಗೆ ಹೋಗಿ ನಿಂತೆ. ಹೆಂಡತಿಗೆ ಅರ್ಥವಾಯಿತು, ಏನೂ ಮಾತಾಡಲಿಲ್ಲ.

2018ರ ಡಿಸೆಂಬರ್. ಒಂದು ದೊಡ್ಡ ರಿಲೀಸ್ ಇತ್ತು. ಸೋಮವಾರ ಕಾಕಾ ಫೋನ್ ಮಾಡಿ, "ಅಪ್ಪಗ ಆರಾಮಿಲ್ಲ, ಬಂದ್ ಹೋಗಿಬಿಡು" ಎಂದಿದ್ದರು. ನಮ್ಮ ಕಡೆಯವರು ಗಾಬರಿ ಮಾಡಿಸಬಾರದೆಂದು ಎಲ್ಲವನ್ನೂ ಅರ್ಧ ಮಾಡಿ ಹೇಳುತ್ತಾರೆ. ನಾವು ಅದನ್ನು ಎರಡು ಪಟ್ಟು ಮಾಡಿಕೊಂಡು ಕೇಳಬೇಕು. ನಾನು ಕೇಳಲಿಲ್ಲ. ಮೇಲಿನವರು ಕೆಟ್ಟವರೇನಲ್ಲ, ಗದರಲೂ ಇಲ್ಲ. "ಗುರುವಾರ ರಾತ್ರಿ ರಿಲೀಸ್ ಆಗಲಿ, ಶುಕ್ರವಾರ ಬೆಳಿಗ್ಗೆ ಹೊರಡು, ಒಂದು ವಾರ ಬೇಕಾದರೂ ಇರು" ಎಂದು ಮೃದುವಾಗಿಯೇ ಹೇಳಿದರು. ನನಗೂ ಅದು ಸರಿ ಎನ್ನಿಸಿತು. ಗುರುವಾರ ಸಂಜೆ ಅಪ್ಪ ಹೋದರು. ಕಲ್ಯಾಣಕ್ಕೆ ಹೋಗಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಸೊಲ್ಲಾಪುರದಲ್ಲಿ ಇಳಿದು, ಅಲ್ಲಿಂದ ಜೀಪು ಮಾಡಿಕೊಂಡು ಊರು ಮುಟ್ಟುವಷ್ಟರಲ್ಲಿ ನನಗಾಗಿಯೇ ಕಾಯ್ದಿದ್ದರು. ಮುಖ ನೋಡಿದೆ, ಅಷ್ಟೆ. ರಿಲೀಸ್ ಯಶಸ್ವಿಯಾಗಿತ್ತು. ಅಭಿನಂದನೆಯ ಇಮೇಲಿನಲ್ಲಿ ನನ್ನ ಹೆಸರೂ ಇತ್ತು, ಅದನ್ನು ನಾನು ಸ್ಮಶಾನದಿಂದ ಬರುವಾಗ ಓದಿದೆ.

ಮರುವರ್ಷದ ಪುಣ್ಯತಿಥಿಗೆ ಫಡಕೆ ರಜೆ ಕೇಳಿದ, ಸಿಗಲಿಲ್ಲ. ನಾನು ಕೇಳಲೇ ಇಲ್ಲ.

ಅಂಗಳದಿಂದ ವಾಪಸ್ ಬಂದಾಗ ಕಥೆ ಮುಂದೆ ಹೋಗಿತ್ತು. ರಜೆ ಸಿಗಲಿಲ್ಲವೆಂದು ಒಬ್ಬ ಮನುಷ್ಯ ಸಾಮ್ರಾಜ್ಯದ ಮೇಲೆ ಯುದ್ಧ ಸಾರಿದ ಎಂದರೆ ಕಥೆ ತುಂಬ ಸರಳವಾಗಿಬಿಡುತ್ತದೆ. ಅದು ಹಾಗಾಗಲಿಲ್ಲ. ಆತ ನೌಕರಿ ಬಿಡಲಿಲ್ಲ, ವರ್ಷಗಟ್ಟಲೆ ಲೆಕ್ಕ ಬರೆದುಕೊಂಡೇ ಇದ್ದ. ಸಂಜೆ ಹೊತ್ತು ಮಹಾದೇವ ಗೋವಿಂದ ರಾನಡೆ ಅವರ ಭಾಷಣ ಕೇಳಿದ: ದೇಶದ ಸಂಪತ್ತು ಹೇಗೆ ಹೊರಗೆ ಹರಿದುಹೋಗುತ್ತಿದೆ ಎಂಬುದು. ಇಂದಾಪುರಕರ್, ಭಾವೆ ಎಂಬ ಗೆಳೆಯರ ಜೊತೆ ಸೇರಿ ಶಾಲೆ ಕಟ್ಟಿದ. ಅದೇ ಮುಂದೆ ಪುಣೆಯ ಮಹಾರಾಷ್ಟ್ರ ಎಜುಕೇಶನ್ ಸೊಸೈಟಿಯಾಗಿ ಬೆಳೆಯಿತು. ಲಹೂಜಿ ವಸ್ತಾದ್ ಸಾಳವೆ ಅವರ ತಾಲೀಮಿನಲ್ಲಿ ಕುಸ್ತಿ, ಕತ್ತಿವರಸೆ ಕಲಿತ. ಲಹೂಜಿ ಮಾಂಗ ಸಮುದಾಯದವರು. ಆ ಕಾಲದಲ್ಲಿ ಚಿತ್ಪಾವನ ಬ್ರಾಹ್ಮಣನೊಬ್ಬ ಅವರ ಶಿಷ್ಯನಾದದ್ದು ಬಂದೂಕು ಹಿಡಿದದ್ದಕ್ಕಿಂತ ಸಣ್ಣ ಬಂಡಾಯವೇನಲ್ಲ ಎಂದು ನನಗನ್ನಿಸುತ್ತದೆ.

ಆಮೇಲೆ ಬಂದದ್ದು 1876ರಿಂದ 78ರವರೆಗಿನ ಬರಗಾಲ. ಮುಂಬೈ ಪ್ರಾಂತ್ಯದ ಒಳನಾಡು, ಹೈದರಾಬಾದ್, ಮೈಸೂರು, ಮದ್ರಾಸು, ದಕ್ಷಿಣ ಭಾರತದ ಬೆನ್ನುಮೂಳೆ ಮುರಿದ ಬರ. ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಕಲಾದಗಿ ಜಿಲ್ಲೆ ಎಂದರೆ ಇಂದಿನ ನಮ್ಮ ವಿಜಯಪುರ, ಬಾಗಲಕೋಟೆ. ಫಡಕೆ ಊರೂರು ತಿರುಗಿ ಹಸಿದವರನ್ನು ನೋಡಿದ. ಕಂದಾಯ ಮಾತ್ರ ನಿಲ್ಲಲಿಲ್ಲ. ಲೆಕ್ಕಪತ್ರ ಕಚೇರಿಯ ಗುಮಾಸ್ತನಿಗೆ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

1879ರ ಫೆಬ್ರುವರಿಯಲ್ಲಿ ಆತ ರಾಮೋಶಿಗಳ ಪಡೆ ಕಟ್ಟಿದ. ರಾಮೋಶಿಗಳು ಮರಾಠರ ಕಾಲದಲ್ಲಿ ಊರು, ಕೋಟೆ ಕಾಯುತ್ತಿದ್ದವರು, ಇಂಗ್ಲಿಷರ ಕಾಲದಲ್ಲಿ ಕೆಲಸವೂ ಇಲ್ಲದೆ ಮರ್ಯಾದೆಯೂ ಇಲ್ಲದೆ ಉಳಿದವರು. ನಮ್ಮ ಬೇಡರಿಗೆ ಇವರು ನೆಂಟಸ್ತಿಕೆಯ ಸಮುದಾಯ ಎನ್ನುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಸಿಡಿದೆದ್ದ ಹಲಗಲಿ ಬೇಡರನ್ನು ನಾವು ಲಾವಣಿಯಲ್ಲಿ ಕೇಳಿದ್ದೇವೆ. ಇಪ್ಪತ್ತೆರಡು ವರ್ಷಗಳ ನಂತರ ಅದೇ ಸಿಟ್ಟು ಪುಣೆಯ ಸುತ್ತ ಎದ್ದಿತು.

ಸಿಟ್ಟು ಎದ್ದಿತು, ಗೆಲ್ಲಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಶಿರೂರು ತಾಲ್ಲೂಕಿನ ಧಾಮಾರಿಯಲ್ಲಿ ನಡೆದ ಮೊದಲ ದಾಳಿಯಲ್ಲಿ ಸಿಕ್ಕದ್ದು ಸುಮಾರು 400 ರೂಪಾಯಿ. ಆ ಹಣದಲ್ಲಿ ಸಾಮ್ರಾಜ್ಯವನ್ನೇನು, ಒಂದು ಠಾಣೆಯನ್ನೂ ಉರುಳಿಸಲಾಗದು. ಪಡೆಯಲ್ಲಿದ್ದವರಿಗೆ ದೇಶಕ್ಕಿಂತ ಪಾಲು ಮುಖ್ಯವಾಯಿತು ಎಂದು ಫಡಕೆ ತನ್ನ ಬರಹದಲ್ಲಿ ನೊಂದುಕೊಂಡಿದ್ದಾನೆ. ಹಸಿದ ಮನುಷ್ಯನಿಗೆ ಪಾಲು ಮುಖ್ಯವಾಗದೆ ಇನ್ನೇನು? ಇಲ್ಲಿ ಮಾತ್ರ ನಾನು ರಾಮೋಶಿಗಳ ಕಡೆ. ತಿಂಗಳ ಸಂಬಳ ಕಂಡವನಿಗೂ ಸಂಬಳವನ್ನೇ ಕಾಣದವನಿಗೂ ತ್ಯಾಗದ ಲೆಕ್ಕ ಬೇರೆಬೇರೆ.

ಆದರೂ ಆಡಳಿತ ನಡುಗಿತು. ಆತನ ತಲೆಗೆ ಇನಾಮು ಘೋಷಿಸಿತು. ಆತ ತಿರುಗಿ ಮುಂಬೈ ಗವರ್ನರ್ ರಿಚರ್ಡ್ ಟೆಂಪಲ್ ತಲೆಗೇ ಇನಾಮು ಘೋಷಿಸಿದ! ಇದನ್ನು ಕೇಳಿ ಮಗಳು ಚಪ್ಪಾಳೆ ತಟ್ಟಿದಳು. ಮೇ ತಿಂಗಳಲ್ಲಿ ಆತನ ಜೊತೆಗಾರ ದೌಲತರಾವ್ ನಾಯಕ್ ಕೊಂಕಣಕ್ಕೆ ಇಳಿದು ಪಳಸ್ಪೆ, ಚಿಖಲಿಗಳಲ್ಲಿ ಭಾರಿ ಲೂಟಿ ಮಾಡಿದ. ಲಕ್ಷಕ್ಕೂ ಮೀರಿದ ಮೊತ್ತ. ಘಾಟು ಹತ್ತಿ ಹೋಗುವಾಗ ಮೇಜರ್ ಡ್ಯಾನಿಯಲ್‌ನ ಪಡೆಗೆ ಸಿಕ್ಕು ಸತ್ತ. ಹೌದು, ಅದೇ ಪಳಸ್ಪೆ. ನಾನು ವಡಾ ಪಾವ್ ತಿನ್ನುವ ಜಾಗ.

ದೌಲತರಾವ್ ಸತ್ತ ಮೇಲೆ ಫಡಕೆ ಒಂಟಿಯಾದ. ಶ್ರೀಶೈಲಕ್ಕೆ ಹೋಗಿ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಕೂತ, ಅಲ್ಲಿ ತನ್ನ ಕಥೆ ಬರೆದ. ಮತ್ತೆ ಎದ್ದು ನಿಜಾಮನ ಸೀಮೆಯಲ್ಲಿ ರೋಹಿಲರನ್ನು ಕೂಡಿಸಲು ನೋಡಿದ. ಬೆನ್ನ ಹಿಂದೆ ಡ್ಯಾನಿಯಲ್, ಹೈದರಾಬಾದಿನ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್. ಪಂಢರಾಪುರದ ಕಡೆಗೆ ಸಾಗುತ್ತಿದ್ದಾಗ ಜ್ವರ ಬಂದು...

ಇಲ್ಲಿ ಹಿರಿಯರು ನಿಲ್ಲಿಸಿ, "ನಿಮ್ಮ ಊರು ಯಾವುದು?" ಎಂದು ಕೇಳಿದರು. ನನ್ನ ಮರಾಠಿ ನನ್ನನ್ನು ಯಾವಾಗಲೋ ಬಿಟ್ಟುಕೊಟ್ಟಿರುತ್ತದೆ.

"ಕರ್ನಾಟಕ. ವಿಜಾಪುರ ಕಡೆ."

"ವಿಜಾಪುರದಲ್ಲಿ ಎಲ್ಲಿ?"

"ಆಲಮೇಲ ಅಂತ. ನಿಮಗೆ ಗೊತ್ತಿರಲಿಕ್ಕಿಲ್ಲ."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. "ದೇವರ ನಾವದಗಿ ನಿಮ್ಮೂರಿಂದ ಎಷ್ಟು ದೂರ?"

ನಾನು ಉತ್ತರಿಸುವ ಮೊದಲೇ ಹೆಂಡತಿ ಹೇಳಿದಳು: "ನಮ್ಮ ಅತ್ತಿಗೆಯ ತವರುಮನೆ ಆ ಕಡೆನೇ."

1879ರ ಜುಲೈ 20. ಆಗಿನ ಕಲಾದಗಿ ಜಿಲ್ಲೆಯ ದೇವರ ನಾವದಗಿಯ ಗುಡಿಯಲ್ಲಿ ಜ್ವರದಿಂದ ಬಳಲಿ ಮಲಗಿದ್ದ ವಾಸುದೇವ ಬಳವಂತ ಫಡಕೆ ಸೆರೆಸಿಕ್ಕ. ನಿದ್ದೆಯಲ್ಲಿದ್ದವನ ಎದೆಯ ಮೇಲೆ ಡ್ಯಾನಿಯಲ್ ಕಾಲಿಟ್ಟು 'ಏನು ಬೇಕು' ಎಂದು ಕೇಳಿದ, ಇವನು 'ನಿನ್ನ ಜೊತೆ ಕತ್ತಿ ಹಿಡಿದು ಕಾದಬೇಕು' ಎಂದ, ಇದು ಜನ ಹೇಳುವ ಕಥೆ. ಹೀಗೇ ನಡೆಯಿತೋ ಇಲ್ಲವೋ, ಕಥೆ ಚೆನ್ನಾಗಿದೆ.

ಆ ಊರಿನ ಹೆಸರಿನ ಬೋರ್ಡು ಹೊತ್ತ ಕೆಂಪು ಬಸ್ಸಿನಲ್ಲಿ ನಾನು ಕಿಟಕಿ ಸೀಟಿಗಾಗಿ ಜಗಳವಾಡಿದ್ದೇನೆ. ಆ ಕಡೆಯ ಮದುವೆಗಳಲ್ಲಿ ಉಂಡಿದ್ದೇನೆ. ಸುರತ್ಕಲ್‌ನಲ್ಲಿ ಎಂ.ಟೆಕ್ ಓದುವಾಗ ಹಾಸ್ಟೆಲಿನಲ್ಲಿ ನನಗೆ ಇದ್ದ ಅಡ್ಡಹೆಸರು 'ಭೀಮಾ ತೀರ'. ಟೀವಿಯವರ ಕೃಪೆಯಿಂದ ನಮ್ಮ ಸೀಮೆ ಎಂದರೆ ಕಂಟ್ರಿ ಪಿಸ್ತೂಲು, ಸೇಡಿನ ಕೊಲೆ, ಹಂತಕರು ಎಂದೇ ಎಲ್ಲರಿಗೂ ಗೊತ್ತು. ನಾನೂ ನಗುತ್ತ ಒಪ್ಪಿಕೊಂಡಿದ್ದೆ. ಎದುರಿಗೆ ಹೇಳಲು ನನ್ನ ಬಳಿ ಬೇರೆ ಕಥೆ ಇರಲಿಲ್ಲ. ಕಥೆ ಇತ್ತು, ಆರು ನೂರು ಕಿಲೊಮೀಟರಿನೊಳಗೇ ಇತ್ತು, ಅದನ್ನು ಕೇಳಲು ನಾನು ಕೊಂಕಣದ ಒಂದು ಕಟ್ಟೆಯ ಮೇಲೆ ಕೂರಬೇಕಾಯಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪುಣೆಯಲ್ಲಿ ಸಂಗಮ ಸೇತುವೆಯ ಹತ್ತಿರ ಆತನನ್ನು ಸೆರೆಯಲ್ಲಿಟ್ಟರು; ಆ ಕಟ್ಟಡದಲ್ಲಿ ಈಗ ರಾಜ್ಯ ಸಿಐಡಿ ಕಚೇರಿ ಇದೆ, ಪುಣೆಯಲ್ಲಿರುವ ಓದುಗರು ಅದರ ಮುಂದೆ ದಿನವೂ ಹಾದು ಹೋಗುತ್ತಿರಬಹುದು. ಸಾರ್ವಜನಿಕ ಕಾಕಾ ಎಂದು ಹೆಸರಾದ ಗಣೇಶ ವಾಸುದೇವ ಜೋಶಿ ಆತನ ಪರ ವಾದಿಸಿದರು. ಆದರೆ ಆತ ತನ್ನ ಕೈಯಾರೆ ಬರೆದ ದಿನಚರಿಯೇ ಆತನ ವಿರುದ್ಧ ಸಾಕ್ಷಿಯಾಯಿತು. ಲೆಕ್ಕ ಬರೆದು ಅಭ್ಯಾಸವಾದ ಕೈ, ಏನನ್ನೂ ದಾಖಲಿಸದೆ ಬಿಡಲಿಲ್ಲ. ನಮ್ಮ ವೃತ್ತಿಯಲ್ಲೂ ಎಲ್ಲವನ್ನೂ ಲಾಗ್ ಮಾಡುವವನೇ ಮೊದಲು ಸಿಕ್ಕಿಬೀಳುತ್ತಾನೆ. ಜೀವಾವಧಿ ಶಿಕ್ಷೆಯಾಗಿ ಏಡನ್‌ಗೆ ಕಳಿಸಿದರು. ಏಡನ್ ಆಗ ಆಡಳಿತದ ಲೆಕ್ಕದಲ್ಲಿ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. 1883ರ ಫೆಬ್ರುವರಿ 13ರಂದು ಕೋಣೆಯ ಬಾಗಿಲನ್ನೇ ಕೀಲಿನಿಂದ ಕಿತ್ತು ತಪ್ಪಿಸಿಕೊಂಡ. ಸ್ವಲ್ಪ ಹೊತ್ತಿನಲ್ಲೇ ಹಿಡಿದರು. ಆಮೇಲೆ ಅನ್ನ ಬಿಟ್ಟ. ಫೆಬ್ರುವರಿ 17ರಂದು ಸತ್ತ. 37 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು.

ಮಗಳು ಕೇಳಿದಳು, "ಅವನಿಗೆ ಈ ಮನೆಗೆ ವಾಪಸ್ ಬರಬೇಕು ಅಂತ ಇತ್ತಾ?"

ಹಿರಿಯರು ಉತ್ತರ ಕೊಡಲಿಲ್ಲ. ಛತ್ರಿ ಬಿಚ್ಚಿ, "ಅದನ್ನೇ ಬರಿ, ಟೀಚರಿಗೆ ಇಷ್ಟವಾಗುತ್ತದೆ" ಎಂದರು.

ಹೊರಡುವಾಗ ನಾನು ಹೊಸ್ತಿಲ ಫೋಟೊ ತೆಗೆದೆ. ಮಗಳು ಪುಸ್ತಕಕ್ಕೆ ಅಂಟಿಸಿದ್ದು ಅದನ್ನಲ್ಲ, ಅಂಗಳದಲ್ಲಿ ತಾನೇ ಎರಡೂ ಕೈ ಸೊಂಟದ ಮೇಲಿಟ್ಟು ನಿಂತದ್ದನ್ನು.

ಹೋಗಬಯಸುವವರಿಗೆ: ಪನ್ವೇಲ್ ಸ್ಟೇಷನ್‌ನಿಂದ ಹತ್ತು ಕಿಲೊಮೀಟರ್ ಆಸುಪಾಸು. ಕರ್ನಾಳಾ ಪಕ್ಷಿಧಾಮಕ್ಕೆ ಹೋಗುವ ದಾರಿಯಲ್ಲೇ ಸಿಗುವುದರಿಂದ ಎರಡನ್ನೂ ಒಂದೇ ದಿನ ನೋಡಬಹುದು. ಬೆಳಿಗ್ಗೆ ಬೇಗ ಹೋಗಿ, ಪಳಸ್ಪೆಯಲ್ಲಿ ಹನ್ನೊಂದರ ನಂತರ ಸಿಕ್ಕಿಕೊಂಡರೆ ನಾನು ಜವಾಬ್ದಾರನಲ್ಲ. ದೊಡ್ಡ ಮ್ಯೂಸಿಯಮ್ಮನ್ನು ನಿರೀಕ್ಷಿಸಬೇಡಿ. ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುವಷ್ಟು ಸಮಯ ಇಟ್ಟುಕೊಳ್ಳಿ.

ಅವತ್ತು ರಾತ್ರಿ ಕಾಕಾಗೆ ಫೋನ್ ಮಾಡಿದೆ. ದೇವರ ನಾವದಗಿ, ಗುಡಿ, ಇಂಗ್ಲಿಷರು, ಎಲ್ಲ ಹೇಳಿದೆ.

"ಯಾರು ಹೇಳಿದ್ರೋ ನಿನಗ?" ಎಂದರು.

"ಇಲ್ಲಿ ಅವನ ಮನಿಗಿ ಹೋಗಿದ್ದೆ ಕಾಕಾ. ಮನಿ ಹಂಗೇ ಇಟ್ಟಾರ."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಯಾವ ಗುಡಿ ಅಂತ ಮುದುಕರನ್ನ ಕೇಳಬೇಕು. ನೀ ಬಾ, ಇಬ್ಬರೂ ಗಾಡಿ ಮ್ಯಾಲ ಹೋಗೂಣು. ನಮ್ಮ ಮನಿ ಬೀಗಾನೂ ತೆಗದು ಕಸಾ ಹೊಡಿಯೋದೈತಿ. ಯಾವಾಗ ಬರ್ತಿ?"

ಡಿಸೆಂಬರಿನಲ್ಲಿ, ಅಪ್ಪನ ಪುಣ್ಯತಿಥಿಗೆ ಎಂದೆ. ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಐದು ದಿನ ರಜೆ ಹಾಕಿದೆ. ಇನ್ನೂ ಮಂಜೂರಾಗಿಲ್ಲ. ಟಿಕೆಟ್ ಬುಕ್ ಮಾಡಿದ್ದೇನೆ.